ಬೈಲಾ ಮತ್ತು ಅಧ್ಯಕ್ಷರ ಎತ್ತು

ಗುರುಪುರದ ಪಕ್ಕದ ಹಳ್ಳಿಯ ಡೈರಿಯಲ್ಲಿ ಸಂಘದ ವಾರ್ಷಿಕ ಸಭೆ. ಹಿಂದುಗಡೆ ಬೋಂಡ ಬೇಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದ ಮೇಲೆ ನಮ್ಮ ಜನ ಯಾವ ತೀರ್ಮಾನಕ್ಕೂ ಅಡ್ಡ ಬರುವವರಲ್ಲ. ಅಧ್ಯಕ್ಷ ಶಿವನಂಜಪ್ಪ ಅದೇ ಹೊತ್ತು ನೋಡಿ ಎದ್ದು ನಿಂತ.

"ಒಂದೇ ಹಸ ಇರೋರ್ಗೆ ಇನ್ಮ್ಯಾಕೆ ಓಟಿಲ್ಲ. ಒಪ್ಪೋರು ಕೈ ಎತ್ರಪ್ಪ!"

ಹೋದ ಚುನಾವಣೆಯಲ್ಲಿ ಒಂದು ಹಸುವಿನವರೆಲ್ಲ ಅವನಿಗೆ ಕೈ ಕೊಟ್ಟಿದ್ದರು. ಹಸುವೇ ಇಲ್ಲದವರ ಮಾತನ್ನು ಮಾತ್ರ ಅವನು ಎತ್ತಲಿಲ್ಲ. ತನ್ನ ಹಸುಗಳನ್ನು ಮಾರಿ ಅವನು ಉಳಿಸಿಕೊಂಡಿದ್ದು ಒಂದು ಜೊತೆ ಎತ್ತು.

ಕೈಗಳು ಎದ್ದವು. ಮೂಲೆಯಲ್ಲಿದ್ದ ಚಿಕ್ಕಸಿದ್ದಮ್ಮ ಎತ್ತಲಿಲ್ಲ. ಅವಳಿಗಿರುವುದು ಒಂದೇ ಹಸು. ಊರಲ್ಲಿ ಅವಳ ಮಾತು ಕೇಳುವವರಿಲ್ಲ. ಇಲ್ಲಿ ಮಾತ್ರ ಅವಳ ಕೈಗೂ ಶಿವನಂಜಪ್ಪನ ಕೈಗೂ ಒಂದೇ ತೂಕ. ಕೂಲಿ ಮುಗಿಸಿ, ಕೈಗಂಟಿದ ಹೊಗೆಸೊಪ್ಪಿನ ಜಿಗಟು ತೊಳೆದುಕೊಂಡು ಅವಳು ಬರುತ್ತಿದ್ದುದೇ ಆ ತೂಕಕ್ಕೆ.

"ಸಾರ್, ಒಬ್ಬರಿಗೆ ಒಂದು ಓಟು ಅಂತ ಬೈಲಾದಲ್ಲೈತೆ," ಎಂದಳು ಕಾರ್ಯದರ್ಶಿ ಯಶೋಧರಾ. ಸಂಘ ಹುಟ್ಟಿದಾಗ ಬರೆದಿಟ್ಟ ಮೂಲ ನಿಯಮಗಳಿಗೆ ಬೈಲಾ ಎಂದು ಹೆಸರು.

"ಸಭೆಗಿಂತ ಬೈಲಾ ದೊಡ್ದಾ? ಸಭೆ ಏಳಿದ್ದೇ ಕಾನೂನು ಕಣಮ್ಮ."

ಚಿಕ್ಕಸಿದ್ದಮ್ಮನಿಗೆ ಅಳು ಬಂತು. ಅಳುವಿನ ಹಿಂದೆಯೇ ಒಂದು ಕಿಡಿಗೇಡಿ ಯೋಚನೆಯೂ ಬಂತು. ಎದ್ದು ನಿಂತಳು.

"ಅಧ್ಯಕ್ಷರೇ, ಸಭೆ ಏನ್ ಬೇಕಾದ್ರೂ ಮಾಡ್ಬೌದಾ?"

"ಓಹೋ, ಮಾಡ್ಬೌದು."

"ಅಂಗಾರೆ ನಂದೊಂದು ತೀರ್ಮಾನ. ನಿಮ್ಮ ಕೆಂದೆತ್ತು ಇವತ್ತಿಂದ ಹಸ. ನಾಳೆಯಿಂದ ಅದರ ಹಾಲು ಕರ್ದು ಡೈರಿಗೆ ಆಕ್ಬೇಕು. ಆಕ್ದಿದ್ರೆ ಸಂಘದಿಂದ ಆಚೆಗೆ. ಒಪ್ಪೋರು ಕೈ ಎತ್ರಪ್ಪ!"

ಸಭೆ ಹೋ ಎಂದು ನಕ್ಕಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅರ್ಧ ತಮಾಷೆಗೆ, ಅರ್ಧ ಬೋಂಡಕ್ಕೆ, ಎಲ್ಲರೂ ಕೈ ಎತ್ತಿಬಿಟ್ಟರು. ಯಶೋಧರಾ ಗಂಭೀರವಾಗಿ ಪೆನ್ನು ತೆಗೆದಳು.

"ಏಯ್, ಬರೀಬ್ಯಾಡ!" ಶಿವನಂಜಪ್ಪ ಕಂಗಾಲಾದ. "ಸುಮ್‌ಸುಮ್ನೆ ಆಚೆಗೆ ಆಕಕ್ಕೆ ಆಯ್ತದಾ? ಬೈಲಾ ಐತೆ! ಬೈಲಾ! ಬೈಲಾ!"

ಮುಂದಿನ ಸಾಲಿನಲ್ಲಿದ್ದ ಮುದುಕ ದಾಸಯ್ಯನಿಗೆ ಕಿವಿ ಮಂದ. ಅವನಿಗೆ ಕೇಳಿಸಿದ್ದು "ಬೈ ಲಾ! ಬೈ ಲಾ!" ಅಧ್ಯಕ್ಷರೇ ಬಾಯ್ಬಿಟ್ಟು ಕೇಳುವಾಗ ಇಲ್ಲ ಎನ್ನುವುದು ಹೇಗೆ? ಎದ್ದು, ಹೆಗಲ ಟವೆಲ್ ಕೊಡವಿದ.

"ಬಯ್ಯಕ್ಕೂ ನೀವೇ ಅಪ್ಪಣೆ ಕೊಡ್ಬೇಕಾ ಅಧ್ಯಕ್ಷರೇ!" ಎಂದವನೇ ಹೋದ ವರ್ಷದ ಹಳಸಿದ ಬೋಂಡದಿಂದ ಶುರು ಮಾಡಿ ಇವತ್ತಿನ ನೀರು ಟೀವರೆಗೆ ಬೈದ. ಮನಸ್ಸು ಹಗುರಾದ ಮೇಲೆ ಕೂತ.

ಶಿವನಂಜಪ್ಪ ಬೆವರು ಒರೆಸಿಕೊಂಡ. "ಯಶೋಧರಮ್ಮ, ಎರಡು ತೀರ್ಮಾನಾನೂ ಒಡ್ದಾಕು. ಬೈಲಾನೇ ದೊಡ್ದು." ಆಮೇಲೆ ಅಭ್ಯಾಸಬಲದಿಂದ, "ಒಪ್ಪೋರು ಕೈ ಎತ್ರಪ್ಪ," ಎಂದ.

"ಇದ್ಕೆ ಯಾರೂ ಕೈ ಎತ್ತಂಗಿಲ್ಲ ಅಧ್ಯಕ್ಷರೇ," ಎಂದಳು ಚಿಕ್ಕಸಿದ್ದಮ್ಮ. "ಎತ್ತಿರೋರೂ ಇಳ್ಸಿ."

ಹೇಳಿ, ತನ್ನ ಕೈಯನ್ನು ಬೋಂಡದ ತಟ್ಟೆಗೆ ಚಾಚಿದಳು.