ಮುತ್ತಮ್ಮನ ಗಂಟು

"ಎಡಕ್ಕೆ ತಿರುಗ್ಸಿ," ಎಂದಳು ಮುತ್ತಮ್ಮನ ಚಟ್ಟದ ಮುಂದೆ ನಡೆಯುತ್ತಿದ್ದ ತಂಗಮ್ಮ. ಸ್ಮಶಾನವಿದ್ದದ್ದು ಬಲಕ್ಕೆ. ಹೆಗಲು ಕೊಟ್ಟಿದ್ದ ಗಿಡ್ಡಪ್ಪ ನಿಂತುಬಿಟ್ಟ. ಸಂತೆಯಲ್ಲಿ ಮೂಟೆ ಹೊರುವ ಅವನು ಭಾರ ಹೊತ್ತು ದಾರಿ ತಪ್ಪಿದವನೇ ಅಲ್ಲ.

"ನಡುದಾರೀಲಿ ಒಂದ್ಸಲ ಚಟ್ಟ ಇಳಿಸ್ಬೇಕಲ್ಲ ಮಾರಾಯ. ಪಂಚಾಯ್ತಿ ಆಫೀಸಿನ ಮುಂದೇ ಇಳಿಸಿದ್ರಾಯ್ತು."

ಎಸ್ಟೇಟಿನ ಕೂಲಿಗಳ ಲೈನ್ ಮನೆ ಬಿಟ್ಟ ಮೇಲೆ ಮುತ್ತಮ್ಮನಿಗೆ ಸಂತೆಯ ಶೆಡ್ಡೇ ಮನೆ, ಅಲ್ಲಿ ಹೂ ಮಾರುವ ತಂಗಮ್ಮನೇ ಬಂಧು ಬಳಗ. ತನ್ನ ಧಾರೆಸೀರೆ ಹೊದಿಸಿಯೇ ಕಳಿಸಬೇಕೆಂದು ಮುತ್ತಮ್ಮ ಅವಳಿಂದ ಮಾತು ತೆಗೆದುಕೊಂಡಿದ್ದಳು. ಆ ಸೀರೆ ಇದ್ದದ್ದು ಗಂಟಿನಲ್ಲಿ. ಮುತ್ತಮ್ಮ ಆಸ್ಪತ್ರೆ ಸೇರಿದ್ದಾಗ ಶೆಡ್ ತೊಳೆಸಿದ ಪಂಚಾಯ್ತಿಯವರು ಗಂಟನ್ನು ಒಯ್ದು ಗೋಡೌನಿಗೆ ಹಾಕಿದ್ದರು. ಸಾರ್ವಜನಿಕ ಜಾಗದಲ್ಲಿ ಸಿಕ್ಕ ಸಾಮಾನನ್ನು ಎಸೆಯುವಂತಿಲ್ಲ, ಜೋಪಾನವಾಗಿಟ್ಟು ಅದರ ಒಡೆಯರಿಗೇ ಕೊಡಬೇಕು ಎಂಬುದು ನಿಯಮ. ಬೆಳಿಗ್ಗೆ ತಂಗಮ್ಮ ಎಷ್ಟು ಗೋಗರೆದರೂ ಗೋಡೌನಿನ ಗುಮಾಸ್ತ ಗಂಗಾಧರಪ್ಪ ಒಂದೇ ಮಾತು ಹಿಡಿದಿದ್ದ: ಮುತ್ತಮ್ಮನೇ ಬರಬೇಕು.

* * *

ಈ ಹಟಕ್ಕೆ ಕಾರಣ ಮುತ್ತಮ್ಮನೇ.

ಮಂತ್ರಿಗಳು ಬರುತ್ತಾರೆಂದಾಗಲೆಲ್ಲ ಶೆಡ್ ಖಾಲಿಯಾಗುತ್ತಿತ್ತು, ಅವಳ ಗಂಟು ಗೋಡೌನು ಸೇರುತ್ತಿತ್ತು. ಮಾರನೇ ದಿನ ಮುತ್ತಮ್ಮ ತಲೆ ಬಾಚಿ, ಎಲೆಯಡಿಕೆ ಹಾಕಿಕೊಂಡು, ತವರಿಗೆ ಹೊರಟವಳ ಗತ್ತಿನಲ್ಲಿ ಆಫೀಸಿಗೆ ಹೋಗುವಳು. ಗಂಗಾಧರಪ್ಪ ಗಂಟು ತಂದಿಟ್ಟು, ಸರಿಯಾಗಿದೆಯೇ ನೋಡಿಕೊಳ್ಳಲು ಹೇಳುವನು. ಅವಳು ಸೀರೆಯ ಅಂಚು ಮುಟ್ಟಿ ನೋಡಿ ತಲೆಯಾಡಿಸುವಳು.

ಒಮ್ಮೆ ಅವಳ ಕುಡುಕ ಮೈದುನ ಬಂದು ಗಂಟು ಕೇಳಿದ್ದ. ಗಂಗಾಧರಪ್ಪ ಬೈದು ಅಟ್ಟಿದ್ದ. ಅದನ್ನು ಕೇಳಿ ಮುತ್ತಮ್ಮನ ಕಣ್ಣು ತುಂಬಿತು.

"ನಾನ್ ಬಂದ್ರೆ ಮಾತ್ರ ಕೊಡಿ ಗಂಗಾಧರಪ್ಪೋರೆ. ಬೇರೆ ಯಾರ್ ಬಂದ್ರೂ ಕೊಡ್ಬೇಡಿ."

ಆಗಲಿ ಎಂದಿದ್ದ ಅವನು. ಇಡೀ ನೌಕರಿಯಲ್ಲಿ ಅವನನ್ನು ಅಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ.

* * *

ಚಟ್ಟ ಆಫೀಸಿನ ಮೆಟ್ಟಿಲ ಬುಡದಲ್ಲಿ ಇಳಿಯಿತು. ತಮಟೆ ನಿಂತಿತು. ಕಳಸಕ್ಕೆ ಹೋಗುವ ಬಸ್ಸೂ ನಿಂತಿತು, ಮುಂದೆ ಹೋಗಲು ಜಾಗವೇ ಇರಲಿಲ್ಲ.

"ಬಂದಿದ್ದಾಳೆ," ಎಂದಳು ತಂಗಮ್ಮ. "ಈಗ ಕೊಡಿ."

ಬಸ್ಸಿನೊಳಗೆ ಯಾರೋ ಕಿಸಕ್ಕನೆ ನಕ್ಕರು. ಗಿಡ್ಡಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಗಂಗಾಧರಪ್ಪ ಮಾತ್ರ ನಗಲಿಲ್ಲ. ಒಳಗೆ ಹೋಗಿ ಗಂಟು ತಂದ. ತಂಗಮ್ಮ ಕೈಚಾಚಿದಳು. ಅವಳಿಗೂ ಕೊಡಲಿಲ್ಲ ಪುಣ್ಯಾತ್ಮ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಚಟ್ಟದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಗಂಟನ್ನು ಮುತ್ತಮ್ಮನ ಕೈಯ ಬಳಿ ಇಟ್ಟ.

"ಸರಿಯಾಗಿದ್ಯಾ ನೋಡ್ಕೊಳಿ ಮುತ್ತಮ್ಮ."

ಗಿಡ್ಡಪ್ಪ ಬಾಯಿಂದ ಟವೆಲ್ ತೆಗೆದ. ತಂಗಮ್ಮ ಅಳುತ್ತಲೇ ಗಂಟು ಬಿಚ್ಚಿ ಕೆಂಪು ಸೀರೆ ಹೊದಿಸಿದಳು. ಮುತ್ತಮ್ಮ ಮದುವಣಗಿತ್ತಿಯ ಹಾಗೆ ಕಂಡಳು.

ಚಟ್ಟ ಎತ್ತುವಾಗ ಮುಂದಿನ ಬಿದಿರಿಗೆ ಗಂಗಾಧರಪ್ಪನೇ ಹೆಗಲು ಕೊಟ್ಟ.

"ಚಪ್ಪಲಿ ಅಲ್ಲೇ ಬಿಟ್ರಲ್ಲ," ಎಂದ ಗಿಡ್ಡಪ್ಪ.

"ಗೋಡೌನಿಗೆ ಹಾಕ್ಲಿ. ನಾನೇ ಬಂದು ಬಿಡಿಸ್ಕೊಳ್ತೀನಿ."

ತಮಟೆ ಜೋರಾಯಿತು. ಬಿಸಿಲಿಗೆ ಕಾದ ಟಾರು ರಸ್ತೆಯಲ್ಲಿ ಗಂಗಾಧರಪ್ಪ ಬರಿಗಾಲಲ್ಲಿ ದಾಪುಗಾಲು ಹಾಕುತ್ತಾ ನಡೆದ. ಅವನ ಕಿವಿಯ ಪಕ್ಕ ಕೆಂಪು ಸೀರೆಯ ಅಂಚು ಪಟಪಟನೆ ಹಾರುತ್ತಿತ್ತು.