ಎರಡನೆಯ ಹಸಿರು

ಹಸಿರು ದೀಪ ಹೊತ್ತಿ ಆರಿತು, ಅಂದರೆ ಹೌದು, ಒಂದು ಸಲ ಹೊತ್ತಿದರೆ ಹೌದು, ಎರಡು ಸಲ ಹೊತ್ತಿದರೆ ಇಲ್ಲ, ಸೋಮಲಿಂಗನ ರೇಡಿಯೊದ ಬ್ಯಾಟರಿ ಮುಗಿಯಲಿಕ್ಕೆ ಬಂದಿದೆ, ಮಾತಾಡಬ್ಯಾಡೋ, ಬರೇ ಗುಂಡಿ ಒತ್ತು, ನನ್ನ ರೇಡಿಯೊದಾಗ ಹಸಿರು ಹೊತ್ತತದ ಎಂದು ಶುಭದಾ ತಾನೇ ಹೇಳಿದ್ದು, ಸಂಜಿ ತನಕಾ ತಡೀತೀರೇನು ಎಂದು ಈಗಷ್ಟೇ ಕೇಳಿದ್ದೂ ತಾನೇ, ಹಸಿರು ಕಂಡದ್ದೇ ಗುಂಡಿ ಒತ್ತಿ ಶಾಭಾಸ್ ಎಂದುಬಿಟ್ಟಳು — ಶಾಲೆಯ ಪಡಸಾಲೆಯಲ್ಲಿ ಬೆಂಚು, ಬೆಂಚಿನ ಮೇಲೆ ರೇಡಿಯೊ, ಎದುರಿಗೆ ಹುನಗುಂದದ ಕಡೆಯ ಹೊಲಗಳನ್ನೆಲ್ಲ ನುಂಗಿ ಹರಡಿಕೊಂಡ ಮಲಪ್ರಭೆ, ಬಣ್ಣ ಥೇಟ್ ಹಾಲು ಸಾಲದ ಚಹಾ, ಮೊಬೈಲುಗಳೆಲ್ಲ ನಿನ್ನೆಯಿಂದ ಮೂಕ, ಅದಕ್ಕೇ ಬಾಗಲಕೋಟೆಯಿಂದ ಇವಳನ್ನು ಕರೆಸಿದ್ದು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು, ರಜೆ ಹಾಕಿ ಬಂದಿದ್ದಾಳೆ, ಇದು ಹವ್ಯಾಸ, ಹವ್ಯಾಸ ಅಂದರ ಹೊಲಗಿ, ರಂಗೋಲಿ, ಇದೇನ ಶುಭಿ ಡಬ್ಬಿ ಜೋಡಿ ಮಾತು, ಮನೆಯಲ್ಲಿ ತಾಯಿ ತುಳಸೀಬಾಯಿಯ ಗೊಣಗಾಟ, ನಿನಗಂತೂ ಎದುರಿನವರ ಮಾತು ಮುಗಿಯೂ ತನಕಾ ತಡಕೊಳ್ಳಲಿಕ್ಕೇ ಆಗೂದಿಲ್ಲ. ತಹಶೀಲ್ದಾರರು ಕೊಡೆ ಮಡಚುತ್ತ, ಗುಡಿ ಮ್ಯಾಲೆ ಸೋಮಲಿಂಗನ ಮಂದಿ ತಡೀತಾರಂದ್ರ ಬೋಟು ಮೊದಲ ಜೈನಬಿ ಕಡೆ ಹೋಗ್ಲಿ ಮೇಡಮ್, ಹೆರಿಗಿ ಬ್ಯಾನಿ ಸುರುವಾಗೇತಂತ, ಇರೋದು ಒಂದ ಬೋಟು ನೋಡ್ರಿ, ಹೌದ್ರಿ ಎಂದಳು, ಬೋಟಿನಲ್ಲಿ ಫೈಜಾನ, ಅವನ ಕೈಯಲ್ಲೂ ಇವಳೇ ಕಲಿಸಿದ ರೇಡಿಯೊ, ಕೆಳಗಿನ ದಾರಿಗೆ ಹೊರಳೋ ಎಂದಳು, ಹೊರಳಿತು, ನೀರ ಮೇಲೆ ಕಿತ್ತಳೆ ಚುಕ್ಕೆಯಾಗಿ ಜಾಲಿಯ ತುದಿಗಳ ಹಿಂದೆ ಮರೆಯಾಯಿತು.

ಮೇಲಿನ ದಾರಿಯಲ್ಲಿ ಬೀರಪ್ಪನ ಗುಡಿ, ಗುಡಿಯ ಮಾಳಿಗೆಯ ಮೇಲೆ ಸೋಮಲಿಂಗ, ಅವನ ತಾಯಿ ರಂಗವ್ವ, ಓಣಿಯ ಒಂದಿಷ್ಟು ಜನ, ಕುರಿಗಳೂ ಇರಬೇಕು, ಕುರಿ ಬಿಟ್ಟು ಬರುವ ಹೆಂಗಸಲ್ಲ ಅವಳು, ಅವ್ವನ ಸಲುವಾಗಿಯೇ ಗುಡೂರಿನ ಶಾಲೆಗೆ ರಜೆ ಹಾಕಿ ಊರಿಗೆ ಓಡಿದ ಮಾಸ್ತರ, ಒಂದು ಕಾಲದ ಇವಳ ವಿದ್ಯಾರ್ಥಿ, ಬಾದಾಮಿಯ ರೇಡಿಯೊ ಶಿಬಿರದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ, ಇವಳ ಪಾಠ ನಡೆದಿತ್ತು, ಗುಂಡಿ ಒತ್ತಿದರೆ ಕೆಂಪು ದೀಪ ಹೊತ್ತುತ್ತದೆ, ಕೆಂಪು ಇರುವಷ್ಟು ಹೊತ್ತು ನೀವು ಕಿವುಡರು, ಎದುರಿನವ ಸತ್ತೆನೆಂದು ಕೂಗಿದರೂ ಕೇಳುವುದಿಲ್ಲ, ಅದಕ್ಕೇ ಅವನದು ನಿಂತ ಮೇಲೂ ಒಂದು ಉಸಿರು ತಡೆದು ಒತ್ತಬೇಕು, ಆಗ ಸೋಮಲಿಂಗ ನಕ್ಕಿದ್ದ, ನಮ್ಮ ಬೀರಪ್ಪನ ಪೂಜಾರಿನೂ ಹಿಂಗ ನೋಡ್ರಿ ಅಕ್ಕಾರ, ಡೊಳ್ಳು ನಿಂತ ಮ್ಯಾಲೆ ಒಂದು ಉಸರು ಸುಮ್ಮನ ನಿಂತು ಆಮ್ಯಾಲೆ ದೇವರ ಹೇಳಿಕಿ ಹೇಳ್ತಾನ, ಎಲ್ಲರೂ ನಕ್ಕರು, ಇವಳೂ ನಕ್ಕಳು — ಒಂದು ಉಸಿರು. ತಡೆದಳೇ? ಹಸಿರು ಹೊತ್ತಿತು, ಆರಿತು, ಶಾಭಾಸ್, ಕೆಂಪು. ನಡುವೆ ಏನಿತ್ತು, ಏನೂ ಇರಲಿಲ್ಲ, ಹಸಿರಿನ ಬೆನ್ನಿಗೇ ಕೆಂಪು, ಆ ಕೆಂಪಿನ ಅಡಿಯಲ್ಲಿ ಇನ್ನೊಂದು ಹಸಿರು ಬಂದು ಹೋಗಿದ್ದರೆ ಇವಳಿಗೆ ಕಾಣುವುದಾದರೂ ಹೇಗೆ, ಊರೆಲ್ಲ ಪಾಠ ಹೇಳಿಕೊಂಡು ತಿರುಗಿ ತಾನೇ ತಪ್ಪಿದಳೇ, ಛೇ, ಒಂದೇ ಇದ್ದೀತು, ಅವನು ಗಟ್ಟಿ ಆಳು, ತಡೀತೇವಿ ಅಂತಲೇ ಅಂದಿರಬೇಕು, ಆದರೂ ಶಾಲೆಯ ಮೆಟ್ಟಿಲಿಗೆ ನೀರು ಇನ್ನೊಂದು ಕಲ್ಲು ಏರಿದೆ, ಇಲ್ಲಿ ಏರಿದ್ದು ಅಲ್ಲಿ ಏರಲಿಲ್ಲವೇ, ಇನ್ನೊಮ್ಮೆ ಕೇಳಿದರೆ ಅವನ ಬ್ಯಾಟರಿಯ ಕೊನೆಯ ಹನಿಯೂ ಉತ್ತರಕ್ಕೇ ಹೋದೀತು, ಕೇಳದಿದ್ದರೆ, ಕೇಳದಿದ್ದರೆ ಹೌದು ಹೌದಾಗಿಯೇ ಉಳಿಯುತ್ತದೆ, ಅದೇ ಬೇಕಾಗಿದೆ ನಿನಗೆ, ಥೂ. ಹೆದರಿಕೆಯಾಯಿತು ಅವಳಿಗೆ, ನೀರಿಗಲ್ಲ, ಆ ಪುಟ್ಟ ದೀಪಕ್ಕೆ. ಸರ್, ನಾ ಅವಸರ ಮಾಡಿದೆ ಅನಸ್ತದ, ಅವನ ಉತ್ತರ ಪೂರ್ತಿ ಬರೂದರೊಳಗ ಗುಂಡಿ ಒತ್ತಿದೆ, ತಹಶೀಲ್ದಾರರ ಮುಖ ತಿರುಗಿತು, ಹಂಗಂದ್ರೇನ್ರಿ ಮೇಡಮ್, ಬೋಟು ಜೈನಬಿ ಮನಿ ಮುಟ್ಟಿರಬೇಕಲ್ರಿ, ಹೌದು, ಮುಟ್ಟಿರಬೇಕು, ಅವಳನ್ನು ಹತ್ತಿಸಿಕೊಂಡು ಸೆಳವಿಗೆ ಎದುರಾಗಿ ಬರಬೇಕು, ಬರಲಿಕ್ಕೆ ಹೊತ್ತಾಗುತ್ತದೆ, ಗುಂಡಿ ಒತ್ತಿದಳು, ಕೆಂಪು, ಸೋಮ್ಯಾ, ಮತ್ತ ಕೇಳ್ತೇನಿ, ಸಂಜಿ ತನಕಾ ತಡೀತೀರೇನು, ಬಿಟ್ಟಳು, ಕೆಂಪು ಆರಿತು, ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು, ತನ್ನ ಬೆರಳಿನ ಮೇಲೇ ನಂಬಿಕೆಯಿಲ್ಲ ಈಗ, ಹನಿ ಬೀಳುವ ಸದ್ದು, ಯಾರೋ ಕೆಮ್ಮಿದರು, ಹಸಿರು ಹೊತ್ತಿತು, ಆರಿತು, ಹೌದು, ತಹಶೀಲ್ದಾರರು ಹಗುರಾಗಿ ನಕ್ಕರು, ತಡೀತಾರಂತಲ್ರಿ, ಶುಭದಾ ಕೈ ಎತ್ತಿ ಅವರನ್ನು ಸುಮ್ಮನಿರಿಸಿದಳು, ಒಂದು ಉಸಿರು ತಡೆದಳು, ಹಸಿರು ಮತ್ತೆ ಹೊತ್ತಿತು.