ಇನ್ನೂರು ಹೆಜ್ಜೆ ದೂರ

'ಸತ್ತವನ ಹೆಗಲ ಮೇಲೆ ಬಂದೂಕಿದ್ದುದನ್ನು ಕಣ್ಣಾರೆ ಕಂಡೆ.' ಆನವಟ್ಟಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಹಾಳೆಯಲ್ಲಿ ಆ ಸಾಲಿನ ಕೆಳಗೆ ಶಿವರಾಮನ ಸಹಿ ಬೀಳಬೇಕಿತ್ತು. ಗಡಿಯಿಂದ ರಜೆಗೆ ಕುಪ್ಪಗಡ್ಡೆಗೆ ಬಂದು ಆರು ದಿನವಾಗಿತ್ತು. ಹಾಳೆ ಜೇಬಿನಲ್ಲೇ ಇತ್ತು.

ಸಂಜೆ ಗದ್ದೆಯ ಬದುವಿನ ಮೇಲೆ ಕೂತಿದ್ದಾಗ ಆ ಹೇಳಿಕೆ ಬರೆದು ಕಳಿಸಿದ್ದ ಸುಬೇದಾರ್ ಮಾಸ್ತಪ್ಪನವರ ಫೋನು ಬಂತು. ಅವರು ಶಿಕಾರಿಪುರದವರು. ಶಿವರಾಮ ತಟ್ಟನೆ ಎದ್ದು ನಿಂತ. ಫೋನಿನಲ್ಲಿ ನಿಂತದ್ದು ಯಾರಿಗೆ ಕಾಣುತ್ತದೆ? ಹದಿಮೂರು ವರ್ಷದ ಅಭ್ಯಾಸ.

"ಒಂದು ಸಹಿಗೆ ಆರು ದಿನ ಬೇಕೇನಪ್ಪಾ? ನಾಳೆ ವಿಚಾರಣೆ ಐತಿ."

"ಬಂದೂಕು ಇರ್ಲಿಲ್ಲ ಸಾಹೇಬ್ರೆ. ಅದು ಸೌದೆ ಹೊರೆ ಅಂತ ನಾನು ಅವತ್ತೇ ಹೇಳಿದ್ದೆ."

"ಹೇಳಿದ್ದಿ. ನಾನು ಹೊಡಿ ಅಂದೆ, ನೀನು ಹೊಡದಿ. ಆವಾಗ ಮುಚ್ಚಿದ ಬಾಯಿ ಈಗ್ಯಾಕೆ ತೆಗಿತೀಯ? ಮಬ್ಬು ಬೆಳಕು, ಇನ್ನೂರು ಹೆಜ್ಜೆ ದೂರ. ಯಾರಿಗಾದ್ರೂ ತಪ್ಪಾಗತಿತ್ತು. ಪಿಂಚಣಿಗೆ ಇನ್ನೆರಡೇ ವರ್ಷ, ನೆನಪಿರ್ಲಿ."

ಹಿಮದಲ್ಲಿ ಕಾಲು ಮರಗಟ್ಟಿ ಬಿದ್ದಿದ್ದಾಗ ಇದೇ ಮಾಸ್ತಪ್ಪ ಅವನನ್ನು ಬೆನ್ನ ಮೇಲೆ ಹೊತ್ತು ತಂದಿದ್ದರು. ಶಿವರಾಮ ಫೋನನ್ನು ಜೇಬಿಗಿಳಿಸಿದ. ಯಾರಿಗಾದರೂ ತಪ್ಪಾಗುತ್ತಿತ್ತು ಎಂದು ತನಗೆ ತಾನೇ ಹೇಳಿಕೊಂಡೇ ಅವನೂ ಎರಡು ತಿಂಗಳು ನಿದ್ದೆ ಮಾಡಿದ್ದ.

ಅಷ್ಟರಲ್ಲಿ ಅವ್ವ ತಿಮ್ಮಮ್ಮ ಕಾನಿನಿಂದ ಸೊಪ್ಪಿನ ಹೊರೆ ಹೊತ್ತು ಇಳಿದು ಬಂದಳು. ಹೊತ್ತು ಮುಳುಗಿ, ಅವತ್ತಿನದೇ ಮಬ್ಬು ಕವಿದಿತ್ತು.

"ಅವ್ವಾ, ಅಲ್ಲೇ ನಿಲ್ಲು!"

ಬದುವಿನಗುಂಟ ಇನ್ನೂರು ಹೆಜ್ಜೆ ಎಣಿಸಿ ಹಿಂದೆ ಹೋಗಿ ತಿರುಗಿ ನಿಂತು ಕೂಗಿದ. "ಈಗ ಬಾ."

"ಕುತ್ತಿಗೆ ಮುರೀತೈತೆ ಮಾರಾಯ, ಎಂಥ ಆಟನೋ ಇದು!" ಬೈದುಕೊಳ್ಳುತ್ತಲೇ ಅವ್ವ ಹೆಜ್ಜೆ ಹಾಕಿದಳು.

ಮುಖ ಕಾಣಲಿಲ್ಲ. ಆದರೆ ಹೊರೆ ಹಿಡಿಯಲು ಎತ್ತಿದ ಒಂದು ಕೈ, ಭಾರಕ್ಕೆ ಚಿಕ್ಕದಾದ ಹೆಜ್ಜೆ, ಹೆಜ್ಜೆಹೆಜ್ಜೆಗೂ ಕುಲುಕುವ ಸೊಪ್ಪು, ಎಲ್ಲ ಕಂಡವು. ಸತ್ತವನೂ ಹೀಗೇ ಕೈಯೆತ್ತಿದ್ದ. ಹೊರೆ ಹೊತ್ತವರ ಮನೆಯಲ್ಲಿ ಬೆಳೆದವನಿಗೆ ಇದರಲ್ಲಿ ತಪ್ಪಾಗುವುದುಂಟೇ? ಶಿವರಾಮನ ಬಲಗೈ ತೋರುಬೆರಳು ತಾನಾಗಿಯೇ ಮಡಿಚಿಕೊಂಡಿತ್ತು.

ಓಡಿಹೋಗಿ ಹೊರೆ ಇಳಿಸಿದ. "ಒಬ್ಬನ್ನ ಕೊಂದೆ ಕಣವ್ವ. ಹಿಂಗೇ ಸೌದೆ ಹೊತ್ಕಂಡು ಬರ್ತಿದ್ದ."

"ಗೊತ್ತಾಗ್ದೆ ಆಗಿದ್ದೇನೋ?" ಅವ್ವನ ದನಿ ಅಂಗಲಾಚುವಂತಿತ್ತು.

"ಗೊತ್ತಿತ್ತು. ಹೊಡಿ ಅಂದ್ರು, ಹೊಡೆದೆ."

ಅವನು ಬದುವಿನ ಮೇಲೆ ಕೂತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಸಾಲನ್ನು ಹೊಡೆದುಹಾಕಿದ. 'ಸೌದೆ ಹೊರೆ ಎಂದು ಗೊತ್ತಿತ್ತು. ಹೇಳಿದೆ. ಆದರೂ ಗುಂಡು ಹಾರಿಸಿದೆ' ಎಂದು ಬರೆದು ಸಹಿ ಹಾಕಿ, ಮಾಸ್ತಪ್ಪನವರಿಗೂ ವಿಚಾರಣೆಯ ಅಧಿಕಾರಿಗೂ ಫೋಟೋ ಕಳಿಸಿದ. ಕೂಡಲೇ ಫೋನು ಬಡಿದುಕೊಳ್ಳತೊಡಗಿತು. ಅವನು ಎದ್ದು ನಿಲ್ಲಲಿಲ್ಲ, ಎತ್ತಲೂ ಇಲ್ಲ.

ಫೋನು ಸುಮ್ಮನಾದ ಮೇಲೆ, ಹೊರೆಯನ್ನು ಅವ್ವನ ತಲೆಗೇರಿಸಲು ಬಗ್ಗಿದ.

"ಬಿಡು, ಮುಟ್ಟಬ್ಯಾಡ," ಎಂದಳು ಅವ್ವ. ಇನ್ನೊಬ್ಬರು ಕೈಕೊಡದೆ ಆ ಹೊರೆ ಅವಳ ತಲೆಗೇರುವುದು ಸಾಧ್ಯವಿರಲಿಲ್ಲ. ಹಗ್ಗ ಹಿಡಿದು ಅದನ್ನು ನೆಲದ ಮೇಲೆ ಎಳೆದುಕೊಂಡೇ ಮನೆಯತ್ತ ಹೊರಟಳು.